ಮೂರನೇ ಸಲ ಅಂಡಮಾನಿಗೆ

ಕೊಟ್ಟಿಗೆಹಾರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ನನ್ನ ಪಕ್ಕ ಕೂತಿದ್ದ ಹೆಂಗಸಿಗೂ ಎದುರು ನಿಂತಿದ್ದ ಅವರ ಗಂಡನಿಗೂ ವಾದ ನಡೆದಿತ್ತು. ಕಾಫಿ ಕೊಯ್ಲು ಮುಗಿಸಿಕೊಂಡು ಇಬ್ಬರೂ ಮೂರನೇ ಸಲ ಅಂಡಮಾನಿಗೆ ಹೊರಟಿದ್ದರು.

"ಈ ಸಲ ನಾನು ಜೈಲಿಗೆ ಬರಲ್ಲ."

"ಅಲ್ಲಿಗೆ ಹೋಗಿ ಜೈಲು ನೋಡ್ದೆ ಬರೋದಾ ಮಾರಾಯ್ತಿ?"

"ಎರಡು ಸಲ ನೋಡಿದ್ದೀವಲ್ಲ. ಜೈಲೇನು ತಪ್ಪಿಸ್ಕೊಂಡು ಹೋಗಲ್ಲ."

"ಸರಿ, ಬಿಡು. ಬೆಳಿಗ್ಗೆ ಸೂರ್ಯೋದಯ, ಆಮೇಲೆ ಗಾಜಿನ ತಳದ ದೋಣಿ, ಮಧ್ಯಾಹ್ನ..."

"ನಿಮಗೆ ದ್ವೀಪ ನೋಡೋದೂ ಕಾಫಿ ಕೊಯ್ದ ಹಾಗೆ ಕಣ್ರೀ. ಗಿಡದಲ್ಲಿ ಒಂದು ಹಣ್ಣೂ ಉಳೀಬಾರದು. ಹೋದ ಸಲ ನಾನು ಸಮುದ್ರಕ್ಕೆ ಕಾಲಿಟ್ಟಿದ್ದೇ ಕೊನೇ ದಿನ. ಅದೂ ಚಪ್ಪಲಿ ತೊಳ್ಕೊಳಕ್ಕೆ!"

ನನಗೆ ನಗು ಬಂತು, ಆಕೆಗೆ ಬರಲಿಲ್ಲ. ಗಂಡ ಹುಬ್ಬು ಗಂಟಿಕ್ಕಿಕೊಂಡೇ, ಹೆಂಡತಿಯ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಅಡ್ಡವಾಗಿ ಜರುಗಿ ನಿಂತರು.

"ಮತ್ತೆ ಅಷ್ಟೂ ದಿನ ಏನ್ ಮಾಡೋದು?"

"ಮರಳಲ್ಲಿ ಕೂರೋದು. ಆಗಲ್ಲ ಅಂದ್ರೆ ನೀವೊಬ್ರೇ ಹೋಗಿ, ನಾನು ಬರಲ್ಲ."

"ಸುಮ್ನೆ ಕೂತು ಏನ್ ಮಾತಾಡೋದು?"

"ಮದುವೆಯಾಗಿ ಇಷ್ಟು ವರ್ಷ ಆಯ್ತು. ಹೆಂಡತಿ ಹತ್ರ ಏನು ಮಾತಾಡೋದು ಅಂತ ಕೇಳ್ತೀರಲ್ರೀ!"

ಅಷ್ಟರಲ್ಲಿ ಮೂಡಿಗೆರೆ ಬಸ್ಸು ಬಂತು. ಗಂಡ ಎರಡೂ ಚೀಲಗಳನ್ನು ತಾವೇ ಎತ್ತಿಕೊಂಡು ಹೆಂಡತಿಯ ಹಿಂದೆ ಹೊರಟರು.

"ಸೂರ್ಯೋದಯ ಒಂದಾದ್ರೂ?"

"ನೀವೊಬ್ರೇ ನೋಡ್ಕೊಂಡು ಬನ್ನಿ. ಬಂದು ನನಗೆ ಹೇಳಿ. ಮಾತಾಡಕ್ಕೆ ಒಂದು ವಿಷಯ ಆಯ್ತಲ್ಲ," ಎಂದು ಆಕೆ ತಿರುಗಿ ನೋಡದೆ ಬಸ್ಸು ಹತ್ತಿದರು.