ಭಾನುವಾರದ ಊಟ ಸಂಪೂರ್ಣ ಉಚಿತ

ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದ ಡ್ರೈವರನ ಕೆನ್ನೆ ಊದಿ ಬಾಯಿ ತೆರೆಯಲಾಗುತ್ತಿರಲಿಲ್ಲ. ಕಿವಿ ಮಾತ್ರ ತೆರೆದೇ ಇತ್ತು. ಪಕ್ಕದಲ್ಲಿ ಅಣ್ಣ ತಂಗಿ ಕೂತಿದ್ದರು. ಅಂಗಡಿಗಳ ಬೋರ್ಡು ಬರೆಯುವ ಅಣ್ಣನ ಉಗುರಿನಿಂದ ಕೆಂಪು ಬಣ್ಣ ಇನ್ನೂ ಹೋಗಿರಲಿಲ್ಲ.

"ನಿಂಗೆ ಹಲ್ಲುನೋವು ಅಂತ ಅತ್ತಿಗೆ ಹೇಳಿದ್ರು, ಅದಕ್ಕೇ ಬಂದೆ. ಜಗಳ ಆದ್ಮೇಲೆ ನೀನು ಒಂದು ಸಾಲೂ ಬರೀಲಿಲ್ಲ."

"ನನ್ನ ಫೋನ್ ಎತ್ತಲ್ಲ ಅಂತ ನೀನೇ ಅಂದೆ. ಅದಕ್ಕೇ ವಾರ ವಾರ ಮೇಲ್ ಹಾಕಿದ್ನಲ್ಲೇ!"

"ಒಂದೂ ಬಂದಿಲ್ಲಣ್ಣ."

"ಆ ಸ್ಪ್ಯಾಮ್‌ನಲ್ಲಿ ನೋಡು."

ತಂಗಿ ಮೊಬೈಲ್ ಮೇಲೆ ಬೆರಳಾಡಿಸಿದಳು.

"ಅಯ್ಯೋ! 'ಸುವರ್ಣಾವಕಾಶ! ಭಾನುವಾರದ ಊಟ ಸಂಪೂರ್ಣ ಉಚಿತ! ಬನ್ನಿ, ಮರೆಯದಿರಿ!' ತಂಗಿಗೆ ಹೀಗಾ ಬರೆಯೋದು? ಯಾರೋ ಮೋಸಗಾರ ಅಂತ ಈ ಮೊಬೈಲೇ ನಿನ್ನನ್ನ ಸ್ಪ್ಯಾಮಿಗೆ ತಳ್ಳಿದೆ."

"ದಿನಾ ಬರೆಯೋದು ಇದೇ ತಾನೆ? ಬೇರೆ ಥರ ಎಲ್ಲಿ ಬರುತ್ತೆ ನಂಗೆ?"

ಆಕೆ ಇನ್ನೊಂದನ್ನು ಮೆಲ್ಲಗೆ ಓದಿದಳು. "'ತಪ್ಪು ನಮ್ಮದೇ! ಹಳೇ ಕೋಪಕ್ಕೆ ಭಾರೀ ರಿಯಾಯಿತಿ!'" ಕಣ್ಣೊರೆಸಿಕೊಂಡಳು. "ಸ್ಪ್ಯಾಮ್ ಅಲ್ಲ ಅಂತ ಒತ್ತಿದೀನಿ. ಇನ್ಮೇಲೆ ನೇರ ನಂಗೇ ಬರುತ್ತೆ."

ಡ್ರೈವರ ನಗು ತಡೆಯಲಾಗದೆ ಕೆನ್ನೆ ಹಿಡಿದುಕೊಂಡ.

ನರ್ಸ್ ಕರೆದಳು. ತಂಗಿ ಅಣ್ಣನ ಕೈ ಹಿಡಿದು ಎಬ್ಬಿಸಿದಳು.

"ಆ ಊಟ ಇನ್ನೂ ಇದ್ಯಾ?"

"ಅದಕ್ಕೆ ಕೊನೇ ದಿನಾಂಕ ಹಾಕೇ ಇಲ್ಲ ಕಣೇ," ಎನ್ನುತ್ತ ಅಣ್ಣ ಒಳಗೆ ನಡೆದ.