ಎಡಗಡೆ ಆಸ್ಪತ್ರೆ

ಕೂತ್ಕೋ ಅಕ್ಕ, ಎದ್ದು ನಿಂತ್ರೆ ಲಾಂಚು ವಾಲುತ್ತೆ. ಹೂಂ ಹೂಂ, ಆಸ್ಪತ್ರೆಗೇ ಹೋಗ್ತಿರೋದು. ಟ್ರೇನ್ ಇಳಿದಾಗಿಂದ ಅಮ್ಮ ಅಮ್ಮ ಅಂತ ಪ್ರಾಣ ತಿಂತಿದ್ದೀಯಲ್ಲ! ಸಾಯಂಕಾಲದ ತನಕ ಒಳಗೆ ಬಿಡಲ್ಲ ಅವರು. ಬಿಸಿಲಲ್ಲಿ ಗೇಟು ಕಾಯೋ ಬದಲು ಊರಾದ್ರೂ ನೋಡು. ತಮ್ಮ ಟೂರಿಸ್ಟ್ ಗೈಡು, ಅಕ್ಕ ಒಂದಿನಾನೂ ಅವನ ಲಾಂಚು ಹತ್ತಿಲ್ಲ ಅಂದ್ರೆ ಜನ ನಗ್ತಾರೆ.

ಬಲಗಡೆ ನೋಡಿ... ನೋಡು. ಯಾಕೆ ನಗ್ತೀಯಾ? ಅಭ್ಯಾಸಬಲ. ಅದು ಹಳೇ ಬಂದರು, ಗೋದಾಮುಗಳನ್ನೆಲ್ಲ ಈಗ ಹೋಟೆಲ್ ಮಾಡಿದ್ದಾರೆ. ಈಚೆ ದಡದಲ್ಲಿ ಪಾರ್ಕು, ಅದರ ಹಿಂದೆ ಜೈಂಟ್ ವೀಲು. ಮೇಲೆ ಹೋದ್ರೆ ನದಿ ಸಮುದ್ರ ಸೇರೋದು ಕಾಣುತ್ತೆ. ಒಂದು ಕಡೆ ಕೆಂಪು ನೀರು, ಒಂದು ಕಡೆ ಹಸಿರು. ಹೋದ ವರ್ಷ ಅಮ್ಮನ್ನ ಹತ್ತಿಸಿದ್ದೆ. ಪೂರ್ತಿ ಕಣ್ಣು ಮುಚ್ಕೊಂಡೇ ಕೂತಿದ್ಲು! ಇಳಿದ ಮೇಲೆ, 'ಎಲ್ಲಾ ನೋಡ್ದೆ ಕಣೋ, ಚೆನ್ನಾಗಿತ್ತು' ಅಂತ ಬೇರೆ.

ಊಟಾನಾ? ಇಲ್ಲ. ಹಸಿವೇ ಗೊತ್ತಾಗ್ತಿಲ್ಲ. ಮುಖ ಸಪ್ಪಗಿದ್ಯಾ? ನಿದ್ದೆ ಇಲ್ಲ, ಅಷ್ಟೇ. ಅಮ್ಮಂಗೆ ತಂದಿರೋ ಆ ಸ್ವೆಟರು ಬ್ಯಾಗಲ್ಲೇ ಇರಲಿ ಬಿಡು... ಚೆನ್ನಾಗಿ ಹೆಣೆದಿದ್ದೀಯಾ. ಸರಿಯಾಗುತ್ತೆ. ಅಯ್ಯೋ, ಸರಿಯಾಗುತ್ತೆ ಅಂದ್ನಲ್ಲ! ಎಷ್ಟು ಸಲ ಕೇಳ್ತೀಯಾ?

ಮುಂದೆ ಲೈಟ್‌ಹೌಸು. ಅದರ ಪಕ್ಕದ ಮರಳು ದಿಬ್ಬದಲ್ಲಿ ಗಾಳಿಪಟ ಹಾರಿಸ್ತಾರೆ. ಭಾನುವಾರ ಕಾಲಿಡೋಕೂ ಜಾಗ ಇರಲ್ಲ.

ಮತ್ತೆ ಯಾಕೆ ಎದ್ದೆ? ಹೌದು, ಎಡಗಡೆ ಆ ಹಳದಿ ಕಟ್ಟಡಾನೇ ಆಸ್ಪತ್ರೆ. ಇಲ್ಲೇ ಇಳೀಬೇಕಿತ್ತು... ನಿಲ್ಲಿಸಬೇಡ ಅಂತ ಡ್ರೈವರಿಗೆ ನಾನೇ ಹೇಳಿದ್ದೆ. ಇನ್ನೊಂದು ಸುತ್ತು ಅಕ್ಕ, ಒಂದೇ ಸುತ್ತು. ಬಲಗಡೆ ಈಜುಕೊಳ ಇದೆ ನೋಡು, ಸಮುದ್ರದ ನೀರನ್ನೇ ಒಳಗೆ ಬಿಡ್ತಾರೆ. ಅಕ್ಕ, ಆ ಕಡೆ ನೋಡು. ನನ್ನ ಜೇಬಲ್ಲೇನಿದೆ ನೋಡೋಕೆ?

ಕನ್ನಡಕ. ಹೂಂ, ಅಮ್ಮಂದೇ. ಕಡ್ಡಿಗೆ ದಾರ ಸುತ್ತಿದ್ದು ನೀನೇ ಅಲ್ವಾ? ಬೆಳಿಗ್ಗೆ ನರ್ಸು ನನ್ನ ಕೈಗೆ ಕೊಟ್ರು. ರಿಪೇರಿ ಮಾಡಿಸೋಕೆ... ರಿಪೇರಿಗೆ.

ಅಕ್ಕ? ಏನಾದ್ರೂ ಅನ್ನು. ಬೈಯಿ, ಎರಡು ಬಾರಿಸು. ನನಗೆ ಅಳೂನೂ ಬರ್ತಿಲ್ಲ ಕಣೇ. ಬಾಯೊಂದು ಓಡ್ತಾನೇ ಇದೆ. ಇಷ್ಟೊತ್ತೂ ಅಮ್ಮ ಹೇಗಿದ್ದಾಳೆ, ಅಮ್ಮ ಹೇಗಿದ್ದಾಳೆ ಅಂತ ಕೇಳಿದ್ದೇ ಕೇಳಿದ್ದು... ಈಗ ಯಾಕೆ ಕೇಳ್ತಿಲ್ಲ?

ಕೇಳಕ್ಕ. ಒಂದು ಸಲ ಕೇಳು, ಹೇಳ್ತೀನಿ.