ಅಳದ ಸೊಸೆ

"ಹಲೋ, ಯಾರು ಮಾತಾಡೋದು? ಶಿಡ್ಲಘಟ್ಟ ವೆಂಕಟರವಣಪ್ಪನೋರ ಮನೇನಾ? ಹಾಂ, ನಾನು ಗೌರಿಬಿದನೂರಿಂದ, ಅಲಮೇಲು ತಾಯಿ ಮಂಗಮ್ಮ..."

ಎಸ್‌ಟಿಡಿ ಬೂತಿನ ಗಾಜಿನ ಬಾಗಿಲನ್ನು ಮಂಗಮ್ಮ ಕಾಲಿನಿಂದ ಒತ್ತಿ ಹಿಡಿದಳು. ಒಳಗೆ ಇಬ್ಬರಿಗೆ ಜಾಗ ಸಾಲದು. ಮಗಳು ಅಲಮೇಲು ಅವಳ ಭುಜಕ್ಕೆ ಅಂಟಿಕೊಂಡೇ ನಿಂತಿದ್ದಳು.

"ಬೀಗಿತ್ತಿ ಮುನಿಗಂಗಮ್ಮನೋರಾ? ಫೋನ್ ಇಡಬೇಡಿ. ನಿಮ್ ಮಗಳು ತೀರ್ಕೊಂಡು ಒಂಬತ್ತು ದಿನ. ನಿಮ್ ಹೊಟ್ಟೆ ಸಂಕಟ ನಂಗೊತ್ತು. ಅದಕ್ಕೆ ನನ್ ಮಗಳ ಹಾಲು ಕುಡಿಯೋ ಕೂಸನ್ನ ಕಿತ್ತಿಟ್ಕೊಂಡು ಅವಳನ್ನ ಆಚೆಗೆ ದಬ್ಬಿದ್ರಲ್ಲ, ಅದ್ಯಾವ ನ್ಯಾಯ?..."

"ಏನಂದ್ರಿ? ಹಾಂ, ಕೂತಿದ್ಳು, ಆಮೇಲೂ ಅಳಲಿಲ್ಲ. ಕುದಿಯೋ ಬಾಣಲೆ ನಾದಿನಿ ಮೇಲೆ ಮಗುಚ್ತು, ಎಲ್ರೂ ಎತ್ಕೊಂಡು ಆಸ್ಪತ್ರೆಗೆ ಓಡಿದ್ರು, ಇವಳು ಪಕ್ಕದ ಬಾಣಲೇಲಿ ಬೆಂದ ಗೂಡಿಂದ ರೇಷ್ಮೆ ನೂಲು ತೆಗೀತಾನೇ ಕೂತಿದ್ಳು. ಇಲ್ಲ ಅಂದ್ನಾ ನಾನು? ಗೂಡು ಬೆಂದ ಮೇಲೆ ಬಿಟ್ಟು ಏಳಬಾರ್ದು ಅಂತ ಮೂರು ವರ್ಷ ಬೈದು ಬೈದು ಕಲಿಸಿದ್ಯಾರು? ನೀವೇ ಅಲ್ವಾ?..."

ಆ ಕಡೆಯ ಕೂಗಿಗೆ ಮಂಗಮ್ಮ ರಿಸೀವರನ್ನು ಕಿವಿಯಿಂದ ಗೇಣು ದೂರ ಹಿಡಿದು, ಮುಗಿಯುವವರೆಗೂ ಕಾದಳು.

"ಆಯ್ತಾ? ಈಗ ಕೇಳಿ. ಬೆಂಗಳೂರಲ್ಲಿ ಮನಸ್ಸಿನ ಡಾಕ್ಟ್ರಿಗೆ ತೋರಿಸ್ಕೊಂಡು ಬಂದ್ವಿ. ಮಿದುಳಲ್ಲಿ ಭಯದ ಜಾಗ ಬೇರೆ, ಯೋಚನೆ ಜಾಗ ಬೇರೆ ಅಂತೆ. ದಿಗಿಲು ಹೆಚ್ಚಾದ್ರೆ ಯೋಚನೆ ನಿಂತೋಗಿ, ಕೈ ಮಾತ್ರ ಕಲ್ತಿದ್ದನ್ನ ಮಾಡ್ತಾ ಇರುತ್ತಂತೆ. ದುಃಖ ಆಗಿ ಆಮೇಲೆ ಅಳು ಬರುತ್ತೆ ಅಂತೀವಲ್ಲ, ಅದು ತಿರುಗಾಮುರುಗಾ, ಮೊದ್ಲು ಮೈ, ಆಮೇಲೆ ಮನಸ್ಸು ಅನ್ನೋ ಪಂಡಿತರೂ ಇದಾರಂತೆ..."

"ಕಟ್ಟುಕತೆ ಅಂತೀರಾ? ಈಗ ಕಿರುಚಿದ್ರಲ್ಲ, ಯೋಚನೆ ಮಾಡಿ ಕಿರುಚಿದ್ರಾ?..."

"ಏನು? ಇನ್ನೊಂದ್ಸಲ ಹೇಳಿ. ಹನ್ನೊಂದನೇ ದಿನದ ಕಾರ್ಯಕ್ಕೆ ಬಂದು, ನೆಂಟರ ಮುಂದೆ ಎದೆ ಬಡ್ಕೊಂಡು, ಹಾಡಿ ಹಾಡಿ ಅತ್ರೆ ಕೂಸು ಕೊಡ್ತೀರಾ? ಥೂ! ಹಂಗೆ ಅತ್ರೆ ನಾಟಕ ಅಲ್ಲ, ಅಳದೇ ಇದ್ರೆ ಕಲ್ಲೆದೆನಾ?..."

ಅಷ್ಟರಲ್ಲಿ ತಂತಿಯ ಆಚೆ ಮಗು ಅತ್ತಿತು. ರಿಸೀವರಿಗೆ ಕಿವಿ ಹಚ್ಚಿದ್ದ ಅಲಮೇಲುವಿನ ಕಣ್ಣು ಒಣಗಿಯೇ ಇತ್ತು. ರವಿಕೆ ಮಾತ್ರ ಎರಡೂ ಕಡೆ ಒದ್ದೆಯಾಗತೊಡಗಿತು.

"ನೀವೂ ಹೆತ್ತೋರು, ಮುನಿಗಂಗಮ್ಮನೋರೇ. ಕೂಸಿನ ಅಳು ಕೇಳಿದ್ದೇ ಇವಳಿಗೆ ಹಾಲು ಇಳೀತಾ ಐತೆ. ಇದನ್ನೂ ನಾನೇ ಹೇಳ್ಕೊಟ್ಟು ಕರ್ಕೊಂಡು ಬಂದ್ನಾ?..."

"ಈಗ್ಲೇ ಬಸ್ ಹತ್ತುತೀವಿ. ನೀವೇ ಬಾಗಿಲು ತೆಗೀತೀರಾ, ಇಲ್ಲಾ ಬೀದಿ ಜನರನ್ನ ಸೇರಿಸ್ಲಾ? ಹಲೋ?... ಕೂಸು ಇನ್ನೂ ಅಳ್ತಾ ಐತೆ, ಎತ್ಕೊಳ್ರೀ ಮೊದ್ಲು... ಹಲೋ? ಹಲೋ..."